ಆ ಪತ್ರ ಮೂಲೆ ಸೇರಿದ್ದರೆ?



‘ರಾತ್ರಿ ಪೊಲೀಸ್ರು ಬಂದು ಕರ್ಕೊಂಡು ಹೋದ್ರು, ಎಲ್ಲಿಗೆ ಅಂತ ಹೇಳ್ಲಿಲ್ಲ.’ ಇಂಥ ಮಾತು ಸಭೆಯಲ್ಲಿ ಬಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ: ‘ಮನೆಯವರ ಸಹಿ ತಗೊಂಡ್ರಾ?’ ಈ ಪ್ರಶ್ನೆಯ ಹಿಂದೆ ಒಂದು ಪತ್ರದ ಕಥೆಯಿದೆ.

1986ರ ಆಗಸ್ಟ್ 26ರಂದು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಲಾಕಪ್ಪಿನಲ್ಲಿ ಜನ ಸಾಯುತ್ತಿರುವ ಪತ್ರಿಕಾ ಸುದ್ದಿಗಳತ್ತ ಗಮನ ಸೆಳೆದರು. ಕೋರ್ಟು ಆ ಪತ್ರವನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿತು. 1996ರ ಡಿಸೆಂಬರ್ 18ರಂದು ತೀರ್ಪು ಕೊಟ್ಟು, ಬಂಧನದ ವೇಳೆ ಪಾಲಿಸಬೇಕಾದ 11 ನಿಯಮಗಳನ್ನು ಹಾಕಿತು.

ಆ ಪತ್ರ ಮೂಲೆ ಸೇರಿದ್ದರೆ ಏನಾಗುತ್ತಿತ್ತು? ಸಂವಿಧಾನದ 22ನೇ ವಿಧಿಯಂತೂ ಇದ್ದೇ ಇರುತ್ತಿತ್ತು. ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಅದು 1950ರಿಂದಲೇ ಹೇಳುತ್ತಿದೆ. ಆದರೆ ಆ 24 ಗಂಟೆ ಎಲ್ಲಿಂದ ಎಣಿಸೋದು? ಸೋಮವಾರ ಹಿಡಿದು, ಗುರುವಾರ ‘ಇವತ್ತೇ ಹಿಡಿದೆವು’ ಅಂತ ಬರೆದರೆ, ಅದು ಸುಳ್ಳು ಎನ್ನಲು ಬಡವನ ಕೈಯಲ್ಲಿ ಏನಿರುತ್ತಿತ್ತು? ಹಕ್ಕು ಇರುತ್ತಿತ್ತು, ಸಾಕ್ಷಿ ಇರುತ್ತಿರಲಿಲ್ಲ. ಮುಂದೆ ಇನ್ಯಾರಾದರೂ ಬರೆಯುತ್ತಿದ್ದರೇನೋ. ಅಲ್ಲಿಯವರೆಗೆ ಎಷ್ಟು ತಾಯಂದಿರು ಠಾಣೆಯ ಬಾಗಿಲಲ್ಲಿ ಕಾಯಬೇಕಿತ್ತೋ!

ತೀರ್ಪಿನಲ್ಲಿ ನಾವು ನೆನಪಿಡಬೇಕಾದವು:

1. ಬಂಧಿಸುವ ಪೊಲೀಸರ ಹೆಸರು, ಹುದ್ದೆ ಸ್ಪಷ್ಟವಾಗಿ ಕಾಣಬೇಕು.
2. ದಿನ, ವೇಳೆ ನಮೂದಿಸಿದ ಅರೆಸ್ಟ್ ಮೆಮೊ ಬರೆಯಬೇಕು. ಮನೆಯವರೊಬ್ಬರು ಇಲ್ಲವೇ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು. ಬಂಧಿತರ ಸಹಿಯೂ ಬೇಕು.
3. ನೆಂಟರಿಗೋ ಸ್ನೇಹಿತರಿಗೋ ವಿಷಯ ತಿಳಿಸುವಂತೆ ಕೇಳುವ ಹಕ್ಕು ಬಂಧಿತರಿಗಿದೆ.
4. ಕಸ್ಟಡಿಯಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು.

ಮೊದಲ ಮೂರು ಅಂಶಗಳು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲಿಯೂ ಇವೆ.

ತೀರ್ಪು ಬಂದ ಮಾತ್ರಕ್ಕೆ ಲಾಕಪ್ ಸಾವು ನಿಂತಿಲ್ಲ. ಕಾಗದ ತಾನಾಗಿ ಯಾರನ್ನೂ ಕಾಯುವುದಿಲ್ಲ, ಕೇಳುವವರು ಬೇಕು. ಸಹಿ ಹಾಕುವ ಮುಂಚೆ ದಿನ, ವೇಳೆ ಸರಿಯಿದೆಯೇ ಓದಿ. ಓದು ಬಾರದಿದ್ದರೆ ಓದಿಸಿ. ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಸೆರೆಯಲ್ಲಿರುವವರನ್ನು ಕಾಣುವುದು ದಯಾಕಾರ್ಯ ಎಂದು ನಾವು ಕಲಿತಿದ್ದೇವೆ. ಅದು ಠಾಣೆಯ ಬಾಗಿಲಿನಿಂದಲೇ ಶುರುವಾಗಲಿ.

ಚರ್ಚೆಗೆ: ನಮ್ಮ ಊರಲ್ಲಿ ಯಾರನ್ನಾದರೂ ಬಂಧಿಸಿದರೆ, ಸಾಕ್ಷಿ ಸಹಿ ಹಾಕಲು ಧೈರ್ಯವಾಗಿ ಮುಂದೆ ಬರುವವರು ಯಾರು?