ಧಕ್ಕೆಯ ಕೆಲಸಕ್ಕೆ ಗಮ್‌ಬೂಟು: ಸಂಜೆ ಹೋಗಿ ಕೊಳ್ಳಿ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಲ್ಪೆ ಬಂದರಿನಲ್ಲಿ ಬಲೆ ರಿಪೇರಿಯಾಗುತ್ತದೆ, ಬೋಟಿಗೆ ಬಣ್ಣ ಬೀಳುತ್ತದೆ, ಎಂಜಿನ್ ಬಿಚ್ಚಿ ಜೋಡಿಸಿ ಆಗುತ್ತದೆ. ಕಾಲಿನ ಯೋಚನೆ ಬರುವುದು ಮಾತ್ರ ಆಗಸ್ಟ್ ಹುಟ್ಟಿದ ಮೇಲೆ. ಗಡಿಬಿಡಿಯಲ್ಲಿ ಸಿಕ್ಕಿದ ಸೈಜಿನ ಗಮ್‌ಬೂಟು ತಂದು, ಎರಡೇ ದಿನಕ್ಕೆ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು, ಬೂಟು ಮೂಲೆ ಸೇರಿ ಮತ್ತೆ ಹವಾಯಿ ಚಪ್ಪಲಿಯೇ ಗತಿಯಾಗುತ್ತದೆ. ಐಸ್ ನೀರು, ಬೂತಾಯಿ ಮೀನಿನ ಜಿಡ್ಡು, ತೇಡೆ ಮೀನಿನ ಮುಳ್ಳು ಇರುವ ಧಕ್ಕೆಯ ನೆಲಕ್ಕೆ ಚಪ್ಪಲಿ ಸಾಲದು. ಮಳೆಗಾಲದಲ್ಲಿ ಗಾಯವಾದ, ನೆನೆದು ಮೆತ್ತಗಾದ ಚರ್ಮದ ಮೂಲಕ ಇಲಿಜ್ವರದ ರೋಗಾಣು ಒಳಹೋಗುವ ಭಯವೂ ಇದೆ.

ಆದ್ದರಿಂದ ಜುಲೈಯಲ್ಲೇ, ಅದೂ ಸಂಜೆ, ಅಂಗಡಿಗೆ ಹೋಗಿ. ದಿನವಿಡೀ ನಿಂತ ಕಾಲು ಸಂಜೆಗೆ ಊದಿರುತ್ತದೆ. ಬೆಳಗ್ಗೆ ಸರಿಯಾದ ಬೂಟು ಆಗ ಬಿಗಿಯುತ್ತದೆ. ಮನೆಯಲ್ಲೇ ಕಾಗದದ ಮೇಲೆ ನಿಂತು ಎರಡೂ ಪಾದಗಳ ಗೆರೆ ಎಳೆದು ಕತ್ತರಿಸಿಕೊಳ್ಳಿ. ಹೆಚ್ಚಿನವರ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದು. ದೊಡ್ಡದಕ್ಕೆ ಹೊಂದುವುದನ್ನೇ ಕೊಳ್ಳಬೇಕು. ಕತ್ತರಿಸಿದ ಕಾಗದವನ್ನು ಬೂಟಿನ ಅಡಿಗೆ ಹಿಡಿದು ನೋಡಿದರೆ ಅಗಲ ಸಾಲದ್ದು ಅಲ್ಲೇ ತಿಳಿಯುತ್ತದೆ.

ಕೆಲಸಕ್ಕೆ ಹಾಕುವ ದಪ್ಪ ಸಾಕ್ಸನ್ನೇ ತೊಟ್ಟು ಬೂಟು ಹಾಕಿ. ಕಾಲನ್ನು ಪೂರ್ತಿ ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಬೇಕು. ಲೇಸ್ ಇಲ್ಲದ ಬೂಟಿನಲ್ಲಿ ನಡೆಯುವಾಗ ಹಿಮ್ಮಡಿ ಸ್ವಲ್ಪ ಏಳುವುದು ಸಹಜ, ಆದರೆ ಪಟಪಟ ಬಡಿಯಬಾರದು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ನೋಡಿ. ಮೀನು ಆರಿಸುವವರಿಗೆ ಇದೇ ನಿಜವಾದ ಪರೀಕ್ಷೆ: ಎತ್ತರದ ಬೂಟಿನ ಅಂಚು ಮೊಣಕಾಲಿನ ಹಿಂದೆ ಒತ್ತುತ್ತದೆ. ಸೀರೆ ಉಟ್ಟು ಕೆಲಸ ಮಾಡುವ ಹೆಂಗಸರಿಗೆ ಮೀನಖಂಡದ ನಡುವಿನವರೆಗಿನ ಗಿಡ್ಡ ಬೂಟೇ ಹಿತ. ಅವರ ಕಾಲಿಗೆ ಸಣ್ಣ ಸೈಜು ಸಿಗುವುದೇ ಕಷ್ಟ, ಇದು ನನಗೆ ಬೇಸರದ ಸಂಗತಿ. ಒಂದು ಸೈಜು ದೊಡ್ಡದಾದರೆ ಒಳಗೆ ದಪ್ಪ ಇನ್‌ಸೋಲ್ ಹಾಕಿ ತುಂಬಿಸಬಹುದು. ಎರಡು ಸೈಜು ದೊಡ್ಡದನ್ನು ಮಾತ್ರ ಕೊಳ್ಳಬೇಡಿ, ಜಾರಿ ಬೀಳುವುದು ಅದರಲ್ಲೇ.

ಹಣ ಕಡಿಮೆಯಿದ್ದರೆ ಹೊಳಪು, ಎತ್ತರ ಬಿಟ್ಟು ಅಡಿ ನೋಡಿ. ಗೆರೆಗಳು ಆಳವಾಗಿ, ಅಂಚಿನವರೆಗೂ ತೆರೆದಿದ್ದರೆ ನೀರು, ಜಿಡ್ಡು ಹೊರಗೆ ಹೋಗುತ್ತದೆ. ಬೆರಳಲ್ಲಿ ಒತ್ತಿದರೆ ತಗ್ಗುವ ತೆಳು ಅಡಿಯನ್ನು ಮುಳ್ಳು ಚುಚ್ಚಿಬಿಡುತ್ತದೆ. ನೈಸರ್ಗಿಕ ರಬ್ಬರು ಡೀಸೆಲ್, ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಧಕ್ಕೆಗೆ ಪಿವಿಸಿಯೇ ವಾಸಿ, ಅಗ್ಗವೂ ಹೌದು. ಐಎಸ್‌ಐ ಗುರುತಿನ ಜೊತೆ ಐಎಸ್ 12254 ಎಂದಿದೆಯೇ ನೋಡಿಕೊಳ್ಳಿ.

ಬೋಟಿನಲ್ಲಿ ಹೋಗುವವರ ಲೆಕ್ಕ ಬೇರೆ. ನೀರಿಗೆ ಬಿದ್ದರೆ ತುಂಬಿದ ಬೂಟು ಈಜುವುದಕ್ಕೂ ಮೇಲೆ ಹತ್ತುವುದಕ್ಕೂ ಅಡ್ಡಿ. ಕೈ ಹಚ್ಚದೆ, ಕಾಲು ಝಾಡಿಸಿದರೇ ಕಳಚಿ ಬೀಳುವಷ್ಟು ಸಡಿಲವಿರಬೇಕು. ಅದನ್ನು ಅಂಗಡಿಯಲ್ಲೇ ಪರೀಕ್ಷಿಸಿ, ನಾಚಿಕೊಳ್ಳಬೇಡಿ.

ಉಳಿಸಿದ ಹಣದಲ್ಲಿ ಇನ್ನೊಂದು ಜೊತೆ ಸಾಕ್ಸು, ಇನ್‌ಸೋಲು ಕೊಳ್ಳಿ, ಮಧ್ಯಾಹ್ನ ಬದಲಾಯಿಸಿ. ಕೆಲಸ ಮುಗಿದ ಮೇಲೆ ಬೂಟನ್ನು ಸಿಹಿನೀರಿನಲ್ಲಿ ತೊಳೆದು, ಒಳಗೆ ಹಳೇ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ. ಸಕ್ಕರೆ ಕಾಯಿಲೆಯವರು ಹಾಕುವ ಮುನ್ನ ಪ್ರತಿಸಲ ಒಳಗೆ ಕೈ ಹಾಕಿ ತಡವಿ ನೋಡಬೇಕು; ಸ್ಪರ್ಶ ಕುಂದಿದ ಪಾದಕ್ಕೆ ಮರಳಿನ ಹರಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ.