ಅಟ್ಟದಿಂದಿಳಿದ ಸ್ಪೀಕರುಗಳು

ಬೆಂಗಳೂರಿನ ಆರ್.ಟಿ. ನಗರದ ಹಳೆಯ ಮನೆಗಳ ಅಟ್ಟದಲ್ಲಿಯೋ, ಯಲಹಂಕದ ಯಾವುದೋ ಉಗ್ರಾಣದಲ್ಲಿಯೋ ದೀರ್ಘಕಾಲ ಮೌನವಾಗಿದ್ದ ಸ್ಪೀಕರುಗಳನ್ನು ಕೆಳಗಿಳಿಸುವ ಮಿತ್ರರು, ಹೊಸತನ್ನು ಪಳಗಿಸುವಂತೆಯೇ ಇವನ್ನೂ ದಿನಗಟ್ಟಲೆ ನುಡಿಸಿ ಮರಳಿ ಪಳಗಿಸಬೇಕೇನೋ ಎಂದು ಶಂಕಿಸುವುದುಂಟು. ಆ ಶ್ರಮ ಅನವಶ್ಯಕ. ಕಾಗದದ ಕೋನನ್ನು ಹಿಂಬದಿಯಿಂದ ಹಿಡಿದಿರುವ, ನೆರಿಗೆಗಟ್ಟಿದ ಬಟ್ಟೆಯ ಸ್ಪೈಡರ್ ಎಂಬ ಅಂಗವು ತನ್ನ ಮೊದಲಿನ ಬಿಗುಪಿನ ಬಹುಭಾಗವನ್ನು ಪ್ರಥಮ ಬಳಕೆಯಲ್ಲಿಯೇ ನೀಗಿಕೊಂಡಿರುತ್ತದೆ. ಅಟ್ಟದ ವಾಸದಲ್ಲಿ ಕಿಂಚಿತ್ ಬಿಗಿದಿದ್ದರೂ ಮಂದಸ್ವರದಲ್ಲಿ ತುಸುಹೊತ್ತು ನುಡಿಸಿದರೆ ಸಡಿಲಗೊಳ್ಳುವುದು.

ಚಿಂತಿಸಬೇಕಾದುದು ಕಾಲಕೃತವಾದ ಶೈಥಿಲ್ಯವನ್ನು ಕುರಿತು. ಅಂಚಿನ ಫೋಮ್ ಉಂಗುರವು ಗಾಳಿಯ ತೇವದಿಂದ ವರ್ಷಾನುಕ್ರಮದಲ್ಲಿ ಜೀರ್ಣಿಸಿ, ಬೆರಳು ತಾಗಿದೊಡನೆ ಪುಡಿಪುಡಿಯಾಗಿ ಉದುರುತ್ತದೆ. ರಬ್ಬರಿನ ಅಂಚು ಅದಕ್ಕಿಂತ ದೀರ್ಘಾಯುಷಿ. ಮಂದ್ರ-ತಾರ ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳೂ ಒಣಗಿ ತಾರಸ್ವರವನ್ನು ಕುಂದಿಸುವುವು. ಇಂತಹ ದೋಷಗಳನ್ನು ಎಷ್ಟು ನುಡಿಸಿದರೂ ನೀಗಲಾಗದು.

ಆದುದರಿಂದ ಆಂಪ್ಲಿಫೈಯರಿಗೆ ಜೋಡಿಸುವ ಮುನ್ನ, ಎರಡೂ ಕೈಗಳ ಬೆರಳುಗಳನ್ನು ಕೋನಿನ ಮೇಲೆ ಸಮವಾಗಿರಿಸಿ ಮೃದುವಾಗಿ ಒತ್ತಿ ಕಿವಿಗೊಡಿರಿ. ಕರಕರ ಸದ್ದು ಕೇಳಿಸಿದರೆ ಒಳಗಣ ವಾಯ್ಸ್‌ಕಾಯಿಲ್ ಉಜ್ಜುತ್ತಿದೆಯೆಂದರ್ಥ. ೮ ಓಮ್ ಎಂದು ಮುದ್ರಿತವಾದ ಸ್ಪೀಕರು ವಿದ್ಯುತ್ ರೋಧವನ್ನಳೆಯುವ ಮೀಟರಿನಲ್ಲಿ ಸಾಮಾನ್ಯವಾಗಿ ೬ ಓಮಿನ ಆಸುಪಾಸು ತೋರಿಸುವುದು. ಮುಳ್ಳು ಚಲಿಸದಿದ್ದರೆ ತಂತಿ ಕಡಿದಿರಬಹುದು. ಬಿ.ಇ.ಎಲ್. ಎಂಬ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ೧೯೫೪ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದಂದಿನಿಂದ ಬೆಂಗಳೂರಿನ ನಮ್ಮ ಈ ಉತ್ತರಭಾಗದಲ್ಲಿ ಮೀಟರು ಹಿಡಿಯಬಲ್ಲ ಹಿರಿಯರಿಗೆ ಕೊರತೆಯಿಲ್ಲ, ಸಂಕೋಚವಿಲ್ಲದೆ ಕೇಳಿರಿ. ಫೋಮ್ ಸವೆದುದೊಂದೇ ಕಾರಣಕ್ಕೆ ಒಳ್ಳೆಯ ಸ್ಪೀಕರನ್ನು ಗುಜರಿಗೆ ಹಾಕಬೇಡಿರಿ, ಉಂಗುರವನ್ನಷ್ಟೇ ಬದಲಿಸಿಕೊಳ್ಳಬಹುದು.