ಗೋಬಿಯ ಲೆಕ್ಕದಲ್ಲಿ ಕೂಲಿ ಎಲ್ಲಿ?

ಜನವರಿ ಮುಗಿದ ಮೇಲೆ ಬಂದ ಭಾನುವಾರ ಫೋನಿನ ಯುಪಿಐ ಪಟ್ಟಿ ತೆರೆದು ಪೆನ್ನು ಹಿಡಿದು ಕೂತೆ. ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತು ವರ್ಷ ಸವೆಸಿದವನಿಗೂ ಮನೆಯ ಲೆಕ್ಕ ಎಂದರೆ ಆಕಳಿಕೆ. ₹60, ₹45, ₹120, ₹497, ಮತ್ತೆ ₹60. ತಿಂಗಳ ಪಟ್ಟಿಯನ್ನೆಲ್ಲ ಕೂಡಿದರೆ ₹5,140. ನಾಲ್ಕು ಜನರ ಮನೆಯಲ್ಲಿ ಬರೀ ಹೊರಗಿನ ತಿಂಡಿಗೆ ಇಷ್ಟು. ಹಾಲಿನ ಬಿಲ್ಲಿನ ಎರಡು ಪಟ್ಟಿಗಿಂತಲೂ ಜಾಸ್ತಿ.

ಆ ₹60ಗಳೆಲ್ಲ ನನ್ನವೇ. 2015ರ ಮೇ ತಿಂಗಳಿಂದ 2024ರ ನವೆಂಬರ್‌ನಲ್ಲಿ ಮಾದಾವರಕ್ಕೆ ಮುಂದುವರಿಯುವವರೆಗೆ ಮೆಟ್ರೊ ಹಸಿರು ಮಾರ್ಗ ನಮ್ಮ ನಾಗಸಂದ್ರದಲ್ಲೇ ಮುಗಿಯುತ್ತಿತ್ತು. ಕೊನೆ ನಿಲ್ದಾಣದಲ್ಲಿ ಇಳಿಯುವವರೆಲ್ಲ ಹಸಿದವರೇ. ಗೋಬಿ, ಎಗ್ ರೈಸ್, ಪಾನಿಪೂರಿ ಗಾಡಿಗಳಿಗೆ ಇದು ಗೊತ್ತು. ನನ್ನ ಜೇಬಿಗೆ ತಡವಾಗಿ ಗೊತ್ತಾಯಿತು.

₹497 ಶನಿವಾರದ್ದು. ಎರಡು ಗೋಬಿ, ಒಂದು ಫ್ರೈಡ್ ರೈಸ್, ತಿಂಡಿಯ ಬೆಲೆ ₹390. ಉಳಿದದ್ದು ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರಂ ಶುಲ್ಕ, ಜಿಎಸ್‌ಟಿ. ಹೋಟೆಲು ಇರುವುದು ನಮ್ಮ ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ. ಚಪ್ಪಲಿ ಹಾಕಿಕೊಳ್ಳುವ ಸೋಮಾರಿತನಕ್ಕೆ ₹107 ದಂಡ ಕಟ್ಟಿದ್ದೆ.

ಇನ್ನು ಮನೆಯಲ್ಲೇ ಮಾಡೋಣ ಎಂದು ಘೋಷಿಸಿದೆ. ಸೋಯಾ ಸಾಸ್, ಚಿಲ್ಲಿ ಸಾಸ್, ವಿನೆಗರ್, ಕಾರ್ನ್‌ಫ್ಲೋರ್ ಎಲ್ಲದರದ್ದೂ ದೊಡ್ಡ ಬಾಟಲಿ, ದೊಡ್ಡ ಪ್ಯಾಕೆಟ್ಟೇ ತಂದೆ. ₹290 ಆಯಿತು. ಹೂಕೋಸು, ಎಣ್ಣೆ ಸೇರಿ ಮನೆಯ ಮೊದಲ ಗೋಬಿ ₹400ರ ಗಡಿ ಮುಟ್ಟಿತು. ಅಗ್ಗವಾಗಬೇಕಾದರೆ ಆ ಬಾಟಲಿಗಳು ಖಾಲಿಯಾಗಬೇಕು, ಖಾಲಿಯಾಗಬೇಕಾದರೆ ಮತ್ತೆ ಮತ್ತೆ ಮಾಡಬೇಕು. ಕಾರ್ಖಾನೆಯಲ್ಲಿ ಯಂತ್ರದ ಬೆಲೆಯನ್ನು ಹತ್ತು ವರ್ಷಕ್ಕೆ ಹಂಚುವ ನಾನು ಫ್ರಿಜ್ಜಿನ ಬಾಗಿಲಲ್ಲಿ ನಿಂತಿದ್ದ ಸ್ಥಿರ ವೆಚ್ಚವನ್ನು ಮರೆತಿದ್ದೆ. ಈಗ ಸಣ್ಣ ಬಾಟಲಿ ಮಾತ್ರ ತರುತ್ತೇನೆ.

ಎರಡನೇ ತಿಂಗಳಿಗೆ ಲೆಕ್ಕ ತಹಬಂದಿಗೆ ಬಂತು. ಒಂದು ಹೂಕೋಸು ₹35, ಮೈದಾ ಮತ್ತು ಕಾರ್ನ್‌ಫ್ಲೋರ್ ₹15, ಖರ್ಚಾದ ಎಣ್ಣೆ ₹18, ಈರುಳ್ಳಿ–ಬೆಳ್ಳುಳ್ಳಿ–ದಪ್ಪಮೆಣಸಿನಕಾಯಿ ₹25, ಸಾಸು ಮತ್ತು ಮೆಣಸಿನಕಾಯಿ ₹15. ಗ್ಯಾಸನ್ನೂ ಬಿಡಲಿಲ್ಲ. 2025ರ ಏಪ್ರಿಲ್‌ನಲ್ಲಿ ₹50 ಏರಿದ ಮೇಲೆ 14.2 ಕಿಲೊ ಸಿಲಿಂಡರಿಗೆ ₹855ರಷ್ಟು ಕೊಟ್ಟಿದ್ದೆ, ಅಂದರೆ ಕಿಲೊಗೆ ಸುಮಾರು ₹60. ಗೋಬಿ ಕರಿಯಲು ₹7 ಇಟ್ಟೆ. ಒಟ್ಟು ₹115ಕ್ಕೆ ನಾಲ್ವರ ಹೊಟ್ಟೆ ತುಂಬಿತು. ಗಾಡಿಯಲ್ಲಾದರೆ ₹240.

ಲೆಕ್ಕದ ಪುಸ್ತಕವನ್ನು ಹೆಮ್ಮೆಯಿಂದ ಹೆಂಡತಿಯ ಮುಂದೆ ಹಿಡಿದೆ. ಅವಳು ಬಾಣಲೆ ಉಜ್ಜುತ್ತಿದ್ದಳು. ಒಮ್ಮೆ ಕಣ್ಣಾಡಿಸಿ, "ಎಲ್ಲ ಇದೆ, ನನ್ನ ಕೂಲಿ ಎಲ್ಲಿ?" ಅಂದಳು.

ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹೂಕೋಸು ಬಿಡಿಸಿ ಬಿಸಿ ಉಪ್ಪುನೀರಿಗೆ ಹಾಕುವುದರಿಂದ ಜಿಡ್ಡು ತೊಳೆಯುವವರೆಗೆ ಒಂದೂವರೆ ಗಂಟೆ. ನಾನು ಉಳಿಸಿದೆ ಎಂದುಕೊಂಡ ₹125 ಅವಳ ಶನಿವಾರದ ಸಂಜೆಯಿಂದ ಬಂದದ್ದು. ಅವಳೂ ವಾರವಿಡೀ ದುಡಿಯುವವಳೇ. ಅಂದಿನಿಂದ ನಮ್ಮಲ್ಲಿ ಒಂದು ಕಾನೂನು: ಯಾರಿಗೆ ಬೇಕೋ ಅವರೇ ಹೆಚ್ಚಬೇಕು, ಅವರೇ ತೊಳೆಯಬೇಕು. ಕಾನೂನು ಬಂದ ವಾರವೇ ನನ್ನ ಗೋಬಿ ಆಸೆ ಅರ್ಧ ಇಳಿಯಿತು. ಆದ ಉಳಿತಾಯದಲ್ಲಿ ದೊಡ್ಡ ಪಾಲು ಇದರದ್ದೇ.

ಬಣ್ಣದ ಸಮಸ್ಯೆ ಮಗಳದು. "ಅಂಗಡಿಯಷ್ಟು ಕೆಂಪಗಿಲ್ಲ" ಎಂಬ ತಕರಾರು. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದನ್ನು ನೆನಪಿಸಿದೆ. ಬಾಂಬೆ ಮಿಠಾಯಿಯ ರೋಡಮಿನ್‌–ಬಿ ಬಣ್ಣ ಕೂಡ ಆಗಲೇ ನಿಷೇಧವಾದದ್ದು. ಆದರೆ ಉಪದೇಶದಿಂದ ನಾಲಿಗೆ ಒಪ್ಪುವುದಿಲ್ಲ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಬ್ಯಾಡಗಿ ಮೆಣಸಿನಕಾಯಿ ಎಂಟು ತೆಗೆದುಕೊಂಡು, ಬಿಸಿನೀರಲ್ಲಿ ನೆನೆಸಿ ನುಣ್ಣಗೆ ಅರೆದು ಹಾಕಿದೆ. ತಕರಾರು ನಿಂತಿತು.

ನಿಜವಾದ ಲಾಭ ಇರುವುದು ಮಸಾಲೆ ದೋಸೆಯಲ್ಲಿ. ಒಂದು ಕಿಲೊ ದೋಸೆ ಅಕ್ಕಿ, 300 ಗ್ರಾಂ ಉದ್ದಿನಬೇಳೆ, ಒಂದಿಷ್ಟು ಮೆಂತ್ಯ, ಅವಲಕ್ಕಿ ಸೇರಿ ₹100. ಮೂವತ್ತು ದೋಸೆಗೆ ಮೋಸವಿಲ್ಲ. ಪಲ್ಯ, ಕೆಂಪು ಚಟ್ನಿ, ತುಪ್ಪ, ಗ್ಯಾಸ್ ಎಲ್ಲ ಸೇರಿದರೂ ಒಂದಕ್ಕೆ ₹14 ದಾಟದು. ನಮ್ಮ ರಸ್ತೆಯ ಹೋಟೆಲಿನಲ್ಲಿ ₹70. ಒಮ್ಮೆ ರುಬ್ಬಿದ ಹಿಟ್ಟು ಮೂರು ಬೆಳಗಿನ ತಿಂಡಿಗೆ ಬರುವುದರಿಂದ ದುಡಿಮೆಯೂ ಹಂಚಿಹೋಗುತ್ತದೆ.

ಪಾನಿಪೂರಿಯದು ಇದಕ್ಕೆ ತದ್ವಿರುದ್ಧ. ಪುದೀನ, ಕೊತ್ತಂಬರಿ, ಹುಣಸೆ, ಬಟಾಣಿ, ಪೂರಿ ಎಲ್ಲ ತಂದರೆ ಅರ್ಧ ಮರುದಿನಕ್ಕೆ ಉಳಿದು ಕಸಕ್ಕೆ ಹೋಗುತ್ತದೆ. ₹30ಕ್ಕೆ ಗಾಡಿಯವನು ಕೊಡುವುದನ್ನು ಮನೆಯಲ್ಲಿ ಆ ಬೆಲೆಗೆ ಮಾಡಲು ನನ್ನಿಂದಾಗಲಿಲ್ಲ. ಅದನ್ನು ನಿಂತೇ ತಿನ್ನಬೇಕು, ಅಲ್ಲೇ ತಿನ್ನಬೇಕು.

ನನ್ನ ದೊಡ್ಡ ದಡ್ಡತನವನ್ನೂ ಹೇಳಿಬಿಡುತ್ತೇನೆ. ಎಣ್ಣೆ ಉಳಿಯುತ್ತದೆಂದು ಕಂತಿನಲ್ಲಿ ₹6,500 ಕೊಟ್ಟು ಏರ್ ಫ್ರೈಯರ್ ತಂದೆ. ಇದುವರೆಗೆ ಬಳಸಿದ್ದು ಹನ್ನೊಂದು ಸಲ. ಒಂದು ಸಲಕ್ಕೆ ಸುಮಾರು ₹590 ಬಿತ್ತು. ಆ ದುಡ್ಡಿಗೆ ಎಷ್ಟು ಎಣ್ಣೆ ಬರುತ್ತಿತ್ತೆಂದು ಹೆಂಡತಿ ಇನ್ನೂ ಲೆಕ್ಕ ಹಾಕುತ್ತಿದ್ದಾಳೆ.

ಮನೆಯದು ಹೋಟೆಲಿನ ರುಚಿಗೆ ಸಮ ಬರುವುದಿಲ್ಲ ಎನ್ನುವವರಿಗೆ ರವೆ ಇಡ್ಲಿಯನ್ನು ನೆನಪಿಸುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವು ಎನ್ನುತ್ತದೆ ನಮ್ಮ ಎಂ.ಟಿ.ಆರ್. ಕೊರತೆಗೆ ಹುಟ್ಟಿದ್ದನ್ನು ಇವತ್ತು ಸಾಲಿನಲ್ಲಿ ನಿಂತು ತಿನ್ನುತ್ತೇವೆ. ನಮ್ಮ ಬ್ಯಾಡಗಿ ಗೋಬಿಯೂ ಈಗ ಅಂಗಡಿ ಗೋಬಿಯ ನಕಲಲ್ಲ. ಮಗಳ ಗೆಳತಿಯರು ಅದನ್ನೇ ಕೇಳಿಕೊಂಡು ಬರುತ್ತಾರೆ.

ಈಗಿನ ಲೆಕ್ಕ ಹೀಗಿದೆ. ಹೊರಗಿನ ತಿಂಡಿ ₹5,140ರಿಂದ ₹2,300ಕ್ಕೆ ಇಳಿದಿದೆ. ದಿನಸಿ ₹750 ಏರಿದೆ. ಕೈಯಲ್ಲಿ ಉಳಿಯುವುದು ₹2,090. ಅದರಲ್ಲಿ ₹2,000 ಪ್ರತಿ ತಿಂಗಳು ಅಂಚೆ ಕಚೇರಿಯ ಆರ್‌ಡಿಗೆ ಹೋಗುತ್ತದೆ. ಶೇ 6.7 ಬಡ್ಡಿಯಲ್ಲಿ ಐದು ವರ್ಷಕ್ಕೆ ಕಟ್ಟುವುದು ₹1,20,000, ಬರುವುದು ಸುಮಾರು ₹1,42,700. ಖಾತೆ ಹೆಂಡತಿಯ ಹೆಸರಿನಲ್ಲಿದೆ.

ನೀವೂ ಇಂಥ ಲೆಕ್ಕ ಬರೆಯುವುದಾದರೆ ಹೂಕೋಸು, ಎಣ್ಣೆ, ಗ್ಯಾಸಿನ ಕೆಳಗೆ ಇನ್ನೊಂದು ಸಾಲು ಬಿಡಿ: ಹೆಚ್ಚಿದವರು ಯಾರು, ಬಾಣಲೆ ಉಜ್ಜಿದವರು ಯಾರು. ಆ ಸಾಲಿನಲ್ಲಿ ಪ್ರತಿ ವಾರ ಒಂದೇ ಹೆಸರು ಬರುತ್ತಿದ್ದರೆ, ಹೊರಗಿನಿಂದ ತರಿಸುವುದೇ ಅಗ್ಗ.